ವಾಲ್ವಿಗೊಂದು ಮುದ್ದೆ

ಹೊಸ ವಾಲ್ವುಗಳು ಪಿಸ್ಟನ್ನಿಗೆ ತಗಲುತ್ತವೇನೋ ಎಂಬ ಅನುಮಾನ ಕದಿರೇಶನಿಗೆ ಬಂದದ್ದು ಅವನ್ನು ಕೂರಿಸಿ ಆದ ಮೇಲೆ.

ಹುತ್ತೂರಿನ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ ಅವನು, ಹೋದ ಬೆಳೆ ಮುಗಿದ ಮೇಲೆ ಖಾಲಿ ಬಿದ್ದಿದ್ದ ಹೆಂಡತಿಯ ರೇಷ್ಮೆ ಹುಳುಮನೆಯಲ್ಲಿ ಹಳೇ ಮಾರುತಿ ಕಾರಿನ ಇಂಜಿನ್ನನ್ನು ರೇಸ್ ಇಂಜಿನ್ ಮಾಡುತ್ತಿದ್ದ. ಹೆಚ್ಚು ಗಾಳಿ ಎಳೆಯಲೆಂದು ಅಗಲವಾದ ವಾಲ್ವು ತರಿಸಿ, ಡ್ರಿಲ್ ಮಷಿನ್ನಿಗೆ ಸಿಕ್ಕಿಸಿ, ಅವುಗಳ ಕತ್ತು ಉಜ್ಜಿ ತೆಳ್ಳಗೆ ಮಾಡಿದ್ದ. ಇಂಜಿನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿತ್ತು; ಕಾರು ಹೊರಗೆ ಹುಣಸೆಮರದ ಕೆಳಗೆ, ಹೊಟ್ಟೆ ಬಗೆಸಿಕೊಂಡು ನಿಂತಿತ್ತು.

ಮರುದಿನ ಬೆಳಿಗ್ಗೆ ಮರಿಹುಳುಗಳು ಬರುವುದಿತ್ತು. ಹೆಂಡತಿ ಮುನಿಲಕ್ಷ್ಮಿ ಹುಳುಮನೆ ತೊಳೆಯಲು ಬ್ಲೀಚಿಂಗ್ ಪುಡಿಯ ಬಕೀಟು ಹಿಡಿದು ಬಾಗಿಲಲ್ಲೇ ನಿಂತಳು.

"ಸಂಜೆಯೊಳಗೆ ಅದು ಸ್ಟಾರ್ಟ್ ಆದ್ರೆ ಕಾರಿಗೆ ಏರಿಸ್ಕೊಳ್ಳಿ. ಆಗ್ಲಿಲ್ಲಾಂದ್ರೆ ಕಾರು, ಇಂಜಿನ್ನು ಎರಡೂ ಗುಜರಿಗೆ. ಹುಳ ಬಂದ್ಮೇಲೆ ಪೆಟ್ರೋಲ್ ವಾಸ್ನೆ ಬಂತೋ, ನಿಮ್ಮನ್ನೂ ಸೇರಿಸಿ ಕಳಿಸ್ತೀನಿ."

ವಾಲ್ವು ಪಿಸ್ಟನ್ನಿಗೆ ತಗಲಿದರೆ ಎರಡೂ ಚೂರು. ತಿಳಿಯುವ ದಾರಿಯನ್ನು ಕದಿರೇಶ ಮೊಬೈಲಿನಲ್ಲಿ ನೋಡಿದ್ದ: ಪಿಸ್ಟನ್ ಮೇಲೆ ಮೆತ್ತನೆ ಜೇಡಿ ಇಟ್ಟು, ಮೇಲಿನ ಭಾಗ ಮುಚ್ಚಿ, ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಬಿಚ್ಚಿ ನೋಡುವುದು. ವಾಲ್ವು ಒತ್ತಿದ ಕಡೆ ಜೇಡಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಡುವಿನ ಅಂತರ. ಎರಡು ಮಿಲಿಮೀಟರಾದರೂ ಬೇಕು. ಜೇಡಿ ಇರಲಿಲ್ಲ. ಒಲೆಯ ಮೇಲಿಂದ ಆಗತಾನೇ ಇಳಿದ ರಾಗಿಮುದ್ದೆ ಇತ್ತು.

ಮೂರು ಮುದ್ದೆ ಹಾಕಿಸಿಕೊಂಡು ಹೋದ ಗಂಡನನ್ನು ಕಂಡು, ಇವತ್ತಾದರೂ ಹೊಟ್ಟೆತುಂಬ ಉಣ್ಣುತ್ತಾರಲ್ಲ ಎಂದು ಮುನಿಲಕ್ಷ್ಮಿಗೆ ಸಮಾಧಾನವಾಯಿತು. ಮೂರು ಪಿಸ್ಟನ್ನಿಗೂ ಒಂದೊಂದು ತುತ್ತು ಬಿದ್ದದ್ದನ್ನು ಕಂಡವನು ಪಕ್ಕದ ಮನೆಯ ಅಶ್ವತ್ಥಪ್ಪ. ಬಸ್ ಓಡಿಸಿ ನಿವೃತ್ತನಾದ ಅವನು, ತನ್ನ ಸರ್ವೀಸಿನಲ್ಲಿ ಇಂಜಿನ್ನಿಗೆ ಊಟಕ್ಕಿಟ್ಟವನನ್ನು ನೋಡಿರಲಿಲ್ಲವೆಂದು ಹೇಳಿ, ಸಾರು ಬೇಡವಾ ಎಂದು ವಿಚಾರಿಸಿದ.

ಬಿಚ್ಚಿದಾಗ ಮುದ್ದೆಯ ಮೇಲೆ ವಾಲ್ವಿನ ಗುರುತು ತದಿಗೆಯ ಚಂದ್ರನ ಹಾಗೆ ಮೂಡಿತ್ತು. ಆದರೆ ಅಳೆಯಹೋದರೆ ಮುದ್ದೆ ಅಳತೆಕಡ್ಡಿಗೇ ಅಂಟಿಕೊಂಡು ಬಂತು. ಕದಿರೇಶ ಬುದ್ಧಿ ಓಡಿಸಿದ. ಉಳಿದ ಬಿಲ್ಲೆಗಳನ್ನು ಬ್ಲೇಡಿನಿಂದ ಎಬ್ಬಿಸಿ ಕಾಂಪೌಂಡಿನ ಮೇಲೆ ಬಿಸಿಲಿಗಿಟ್ಟ. ಒಂದನ್ನು ಕಾಗೆ ಒಯ್ದಿತು. ಇನ್ನೊಂದು ಗಟ್ಟಿಯಾದ ಮೇಲೆ ಅಳೆದ: ಒಂದೂಕಾಲು ಮಿಲಿಮೀಟರು.

ಅವನು ಹುಣಸೆಮರದ ಬುಡದಲ್ಲಿ ಕುಳಿತ. ಹೊಸ ವಾಲ್ವು ತರಿಸಲು ಸಮಯವಿಲ್ಲ. ಕೊನೆಗೆ ಗುಜರಿಯ ಚಂದ್ರಮೋಹನ್‌ಗೆ ಫೋನು ಮಾಡಿದ.

"ಮರದ ಕೆಳಗೆ ಕಾರೈತೆ, ಸಂಜೆ ಬಂದು ಎತ್ಕೊಂಡೋಗು. ಇಂಜಿನ್ ನಾಳೆ ಕಳಿಸ್ತೀನಿ. ನನ್ನನ್ನ ಕರೀಬೇಡ, ಕೇಳಬೇಡ. ನನ್ ಕೈಲಿ ನೋಡೋಕಾಗಲ್ಲ."

ಅಷ್ಟರಲ್ಲಿ ಎದುರುಮನೆಯ ಅಂಜಮ್ಮ ಕಾಂಪೌಂಡಿನ ಬಳಿ ಬಂದು, ಒಣಗಿದ ಬಿಲ್ಲೆಯನ್ನು ಎತ್ತಿ ನೋಡಿದಳು. ಗಂಡಸರು ಸಂಡಿಗೆ ಇಟ್ಟರೆ ಹೀಗೇ ಎಂಬುದು ಅವಳ ಅಭಿಪ್ರಾಯ.

"ಏಮಿರಾ ಕದಿರೇಶ, ಉಪ್ಪಿಲ್ಲ, ಜೀರಿಗೆ ಇಲ್ಲ. ಅದೂ ಇಷ್ಟು ತೆಳ್ಳಗಾ ಇಡೋದು? ಒಣಗಿದ್ರೆ ಅರ್ಧಕ್ಕರ್ಧ ಇಂಗೋಗುತ್ತೆ. ದಪ್ಪಕ್ಕಿಡಬೇಕು ಕಣೋ."

ತಾನು ಅಳೆದದ್ದು ಒಣಗಿ ಇಂಗಿದ ಬಿಲ್ಲೆಯನ್ನು ಎಂದು ಕದಿರೇಶನಿಗೆ ಆಗ ಹೊಳೆಯಿತು. ಎದ್ದು ಅಡುಗೆಮನೆಗೆ ಓಡಿದ. ಮುದ್ದೆ ಮುಗಿದಿತ್ತು, ಇನ್ನೂ ಬೇಕು ಎಂದಾಗ ಮುನಿಲಕ್ಷ್ಮಿ ಅವನ ಹಣೆ ಮುಟ್ಟಿ ನೋಡಿ, ಮತ್ತೆ ಎಸರಿಟ್ಟಳು. ಈ ಸಲ ಬಿಚ್ಚಿದ ಕೂಡಲೇ, ಹಸಿ ಮುದ್ದೆಗೆ ಗುಂಡುಸೂಜಿ ಚುಚ್ಚಿ, ಮುಳುಗಿದಷ್ಟನ್ನು ಅಳೆದ. ಎರಡೂಕಾಲು. ಮೂರು ಕಡೆಯೂ ಎರಡೂಕಾಲು. ಅವನು ಅಂಜಮ್ಮನ ಕಾಲಿಗೆ ಬಿದ್ದ. ಯಾಕೆಂದು ತಿಳಿಯದಿದ್ದರೂ ಆಕೆ ಆಶೀರ್ವಾದ ಮಾಡಿದಳು.

ಮುದ್ದೆ ಒರೆಸಿ ತೆಗೆದು, ಇಂಜಿನ್ ಜೋಡಿಸಿ, ಬ್ಯಾಟರಿ ಕೊಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇಡೀ ಬೀದಿ ಹುಳುಮನೆಯೊಳಗೆ ಸೇರಿತ್ತು. ಇಂಜಿನ್ನು ಮೊದಲು ಮದುವೆಗೆ ತಡವಾಗಿ ಬಂದ ಬೀಗರಂತೆ ಗೊಣಗಿತು, ಕೆಮ್ಮಿತು, ಆಮೇಲೆ ಗರ್ಜಿಸಿತು. ಸೈಲೆನ್ಸರ್ ಇಲ್ಲದ ಆ ಸದ್ದಿಗೆ ತಗಡಿನ ಮಾಡು ನಡುಗಿತು. ಅಂಜಮ್ಮ ಕಿವಿ ಮುಚ್ಚಿಕೊಂಡು ನಕ್ಕಳು. ಅಶ್ವತ್ಥಪ್ಪ ಕಣ್ಣು ಮುಚ್ಚಿ ಕೇಳಿ, ತಲೆದೂಗಿದ. ಎಲ್ಲೂ ಟಿಕ್ಕೆನ್ನಲಿಲ್ಲ, ಎಲ್ಲೂ ತಗಲಲಿಲ್ಲ. ಕದಿರೇಶ ಅರ್ಧಗಂಟೆ ಹಾಗೇ ಓಡಿಸಿದ, ಮುನಿಲಕ್ಷ್ಮಿಯೂ ತಡೆಯಲಿಲ್ಲ.

ಆಫ್ ಮಾಡಿ, ಬೆವರೊರೆಸಿಕೊಂಡು, ಇನ್ನು ನಾಲ್ಕು ಜನ ಹಿಡಿದರೆ ಕಾರಿಗೆ ಏರಿಸಿಬಿಡೋಣ ಎಂದು ಅವನು ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದ.

ಹುಣಸೆಮರದ ಕೆಳಗೆ ಎಣ್ಣೆಯ ಕಲೆ ಇತ್ತು. ಪಕ್ಕದಲ್ಲಿ ಲಾರಿ ಟೈರಿನ ಅಚ್ಚು ಇತ್ತು. ಕಾರು ಇರಲಿಲ್ಲ.

ಫೋನು ಹಚ್ಚಿದಾಗ ಚಂದ್ರಮೋಹನ್ ಸಾವಧಾನವಾಗಿಯೇ ಮಾತಾಡಿದ. "ಈಗ ತಾನೇ ಒತ್ತಿ ಅಪ್ಪಚ್ಚಿ ಮಾಡೋ ಮಷಿನ್ನಿಗೆ ಹಾಕಿಸ್ದೆ. ಕೇಳಬೇಡ ಅಂದಿದ್ದು ನೀನೇ ಅಲ್ವೇನಪ್ಪಾ? ಆದ್ರೂ ಮನಸ್ಸು ತಡೀದೆ ಒಳಗೆ ಇಣುಕಿದ್ದೆ. ನೀನು ಊರವರ್ನೆಲ್ಲ ಸೇರಿಸ್ಕೊಂಡು ನಗ್ತಾ ಇದ್ದೆ. ಸದ್ಯ, ಇವನಿಗೇನೂ ಬೇಜಾರಿಲ್ಲ ಅಂತ ನೆಮ್ಮದಿಯಾಗಿ ಎತ್ಕೊಂಡು ಬಂದೆ."

ಮುನಿಲಕ್ಷ್ಮಿ ಒಳಗೆ ಹೋಗಿ ಬಕೀಟು ತಂದು, ಅವನ ಮುಂದಿಟ್ಟಳು. ಅಶ್ವತ್ಥಪ್ಪ ಅವನ ಹೆಗಲ ಮೇಲೆ ಕೈ ಹಾಕಿದ.

"ಹೋಗ್ಲಿ ಬಿಡ್ಲಾ," ಎಂದ. "ವಾಲ್ವಂತೂ ತಗಲಲ್ಲ."