ಅತ್ತೆಯ ಹಿಮ್ಮಡಿ, ನನ್ನ ಸೋಪು

ನಾನು ನರ್ಸ್ ಆಗುವುದು ಈ ಜನ್ಮದಲ್ಲಿ ಸಾಧ್ಯವಿಲ್ಲವೆಂದು ಮೊಟ್ಟಮೊದಲು ಸಾರಿದವರು ನನ್ನ ಸೋದರತ್ತೆ ಪುಟ್ಟತಾಯಮ್ಮ. ಗುಟ್ಟಾಗಿ ಹೇಳಿದ್ದೇನಲ್ಲ, ಬೀದಿ ನಲ್ಲಿಯ ಹತ್ತಿರ, ಬಿಂದಿಗೆಗಳ ಸಾಲಿನ ಎದುರಿಗೆ. "ಅನ್ನಕ್ಕೆ ನೀರಿಡಾಕೆ ಅಳತೆ ಗೊತ್ತಿಲ್ಲ, ಇವಳು ಜನಕ್ಕೆ ಔಸ್ದಿ ಅಳದು ಕೊಟ್ಟಾಳಾ? ಓಗ್ರವ್ವ!" ಅನ್ನದ ವಿಷಯದಲ್ಲಿ ಅತ್ತೆ ಹೇಳಿದ್ದು ಪೂರ್ತಿ ನಿಜ. ನಾನು ಮಾಡಿದ ಅನ್ನ ಒಂದೋ ಗಂಜಿ, ಇಲ್ಲವೇ ಬಿಸಿ ಅಕ್ಕಿ. ಆದರೆ ಮನುಷ್ಯರ ಸ್ವಭಾವ ನೋಡಿ, ಬೆನ್ನು ತಟ್ಟಿದವರನ್ನು ಮರೆಯುತ್ತೇವೆ. ಆಗುವುದಿಲ್ಲ ಅಂದವರ ಮುಖ ಮಾತ್ರ ಪರೀಕ್ಷೆಯ ಹಿಂದಿನ ದಿನ ಪುಸ್ತಕದ ಪುಟಪುಟದಲ್ಲೂ ಕಾಣುತ್ತದೆ. ನನ್ನ ಪುಸ್ತಕದ ಅಸ್ಥಿಪಂಜರಕ್ಕೂ ಅತ್ತೆಯ ಮುಖವೇ ಇತ್ತು.

ಕಾಲೇಜು ಹಾಸನದಲ್ಲಿ. ತುಂಬ ಸಣ್ಣದು. ಮೇಲಿನ ಮಹಡಿಯಲ್ಲಿ ನಮ್ಮ ತರಗತಿ, ಕೆಳಗಿನ ಮಳಿಗೆಯಲ್ಲಿ ನಲ್ಲಿ ಪೈಪುಗಳ ಅಂಗಡಿ. ಮೇಡಂ ಹೃದಯದ ವಾಲ್ವುಗಳ ಪಾಠ ಮಾಡುವಾಗ ಕೆಳಗೆ ಯಾರೋ ವಾಲ್ವಿನ ಬೆಲೆ ಚೌಕಾಸಿ ಮಾಡುತ್ತಿದ್ದರು. ನಾನು ಕಲಿತದ್ದು ಅಲ್ಲಿಂದರ್ಧ, ಇಲ್ಲಿಂದರ್ಧ. ಆದರೆ ಒಂದು ಪಾಠ ಮಾತ್ರ ಎಲುಬಿಗೆ ಇಳಿಯಿತು: ಕೈ ತೊಳೆಯುವುದು. ರೋಗಿಯನ್ನು ಮುಟ್ಟುವ ಮೊದಲು ತೊಳೆ, ಮುಟ್ಟಿದ ಮೇಲೆ ತೊಳೆ. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರ ತುದಿ. ಕೊನೆಕೊನೆಗೆ ಅರಕಲಗೂಡು ಬಸ್ಸಿನ ಕಂಡಕ್ಟರಿಂದ ಚಿಲ್ಲರೆ ಇಸಕೊಂಡರೂ ಕಣ್ಣು ನಲ್ಲಿಯನ್ನು ಹುಡುಕುತ್ತಿತ್ತು.

ಕೊನೆಯ ವರ್ಷ ಹಳ್ಳಿಗಳಲ್ಲಿ ಕೆಲಸ ಮಾಡಬೇಕು. ಒಬ್ಬೊಬ್ಬರು ಒಂದೊಂದು ಮನೆಯ ರೋಗಿಯನ್ನು ನೋಡಿಕೊಳ್ಳಬೇಕು. ಪ್ರಾಕ್ಟಿಕಲ್ ಪರೀಕ್ಷೆಯೂ ಆ ಮನೆಯಲ್ಲೇ. ನಮ್ಮ ತಂಡಕ್ಕೆ ಸಿಕ್ಕಿದ್ದು ಮಲ್ಲಿಪಟ್ಟಣದ ಹತ್ತಿರದ ನಮ್ಮೂರೇ. ಹೊಳೆನರಸೀಪುರದ ಗೆಳತಿ ಹೊಟ್ಟೆಕಿಚ್ಚು ಪಟ್ಟಳು: "ನಿಂಗೇನು ಬಿಡೆ, ಸ್ವಂತ ಊರು. ನಮ್ಮನ್ನ ಕಂಡ್ರೆ ನಾಯಿ ಮಾತ್ರ ಎದ್ದು ಬರುತ್ತೆ." ನಾನು ಆರಿಸಿಕೊಂಡದ್ದು ಅತ್ತೆಯನ್ನು. ಅವರಿಗೆ ಸಕ್ಕರೆ ಕಾಯಿಲೆ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಆದ ಗಾಯ, ಅರಿಶಿನ, ಸುಣ್ಣ, ಕಾಫಿಪುಡಿ ಎಲ್ಲವನ್ನೂ ತಿಂದು ಬೆಳೆಯುತ್ತಿತ್ತು. ಹೀಗೇ ಬಿಟ್ಟರೆ ಮೂಳೆಗೆ ಇಳಿಯುತ್ತದೆ, ಆಮೇಲೆ ಕಾಲಿನ ಆಸೆ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು.

ಮೊದಲ ದಿನ, ಅತ್ತೆಯ ಮನೆಯ ನೀರೇಕೆ ಖರ್ಚು ಮಾಡಲಿ ಎಂದು ಬೀದಿ ನಲ್ಲಿಯಲ್ಲೇ ಕೈ ತೊಳೆದು ಒಳಗೆ ಹೋದೆ. ಗಾಯ ಶುಚಿ ಮಾಡಿ ಬಟ್ಟೆ ಕಟ್ಟಿದೆ. ಆಮೇಲೆ ಪಾಠದಂತೆ ಚೀಲದಿಂದ ಸೋಪು ತೆಗೆದು, ಜಗಲಿಯ ಅಂಚಿನಲ್ಲಿ ಕೂತು, ಬೆರಳ ಸಂದಿಯನ್ನೂ ಬಿಡದೆ ತಿಕ್ಕಿದೆ. ಕೇರಿಯ ನಾಲ್ಕು ಜನ ನೋಡುತ್ತಿದ್ದರು. ನನ್ನ ವಿದ್ಯೆಗೆ ಬೆರಗಾಗಿದ್ದಾರೆಂದು ಇನ್ನಷ್ಟು ನೊರೆ ಬರಿಸಿದೆ.

"ತೊಳ್ಕೊ, ಚೆನ್ನಾಗಿ ತೊಳ್ಕೊ" ಎಂದರು ಅತ್ತೆ, ತಣ್ಣಗೆ. "ಊರೊಳ್ಗಿನೋರೂ ಇಂಗೇ ತೊಳ್ಕೊತಿದ್ರು ಕಣವ್ವ. ನೀನು ಓದಿದ್ದು ಇದ್ನೇಯಾ?"

ನಮ್ಮದು ಊರಿನ ಕೊನೆಯ ಕೇರಿ. ನಮ್ಮ ಗೋಡೆಗಳಿಗೆ ಬುದ್ಧನ ಪಟ ಬಂದದ್ದು ನನ್ನ ಕಾಲದಲ್ಲಿ. ಅತ್ತೆಯ ಕಾಲದಲ್ಲಿ, ಕೂಲಿಗೆ ಹೋದ ಮನೆಗಳಲ್ಲಿ ಕಾಫಿ ಎತ್ತರದಿಂದ ಬೀಳುತ್ತಿತ್ತು. ಅಪ್ಪಿತಪ್ಪಿ ಕೈಗೆ ಕೈ ಸೋಕಿದರೆ ಆ ಮನೆಯವರು ನೇರ ಬಚ್ಚಲಿಗೆ ನಡೆಯುತ್ತಿದ್ದರು. ತನ್ನನ್ನು ಮುಟ್ಟಿದ ಮೇಲೆ ತೊಳೆದುಕೊಂಡ ಕೈಗಳನ್ನು ಅವರು ಎಷ್ಟು ನೋಡಿದ್ದರೋ. ಕೈಯನ್ನು ಏಕೆ ತೊಳೆಯಬೇಕೆಂದು ನನ್ನ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇತ್ತು. ಯಾರ ಎದುರಿಗೆ ತೊಳೆಯುತ್ತಿದ್ದೇವೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಮುಂದಿನ ಸಲ ಹೋದಾಗ ಬಾಗಿಲು ಹಾಕಿತ್ತು. "ನಿಮ್ಮತ್ತೆ ತ್ವಾಟಕ್ಕೋಗವ್ಳೆ" ಎಂದರು ಪಕ್ಕದ ಮನೆಯವರು. ಒಳಗೆ ಅತ್ತೆ ಕೆಮ್ಮಿದರು. "ಕೆಮ್ಮು ಬುಟ್ಬುಟ್ಟು ಓಗವ್ಳೆ" ಎಂದು ಪಕ್ಕದ ಮನೆಯವರೇ ತಿದ್ದಿದರು. ಪರೀಕ್ಷೆ ಹತ್ತಿರ ಬರುತ್ತಿತ್ತು, ಗಾಯವೂ ಸುಮ್ಮನಿರಲಿಲ್ಲ. ನಾನು ಹೆದರಿದ್ದು ಅಂಕಕ್ಕೋ ಕಾಲಿಗೋ ಎಂದು ಕೇಳಿದರೆ ಎರಡಕ್ಕೂ. ಯಾವುದಕ್ಕೆ ಹೆಚ್ಚು ಎಂದು ಮಾತ್ರ ಕೇಳಬೇಡಿ. "ಒಂದಿನ ಕೈ ತೊಳೀದೆ ಬಂದ್ಬುಡು, ಅಕ್ಕ ಸರಿಯೋಯ್ತಾಳೆ" ಎಂದರು ಅಪ್ಪ. ಅದೊಂದು ಮಾತ್ರ ನನ್ನಿಂದಾಗದು. ಆ ರಾತ್ರಿಯೆಲ್ಲ ಯೋಚಿಸಿದಾಗ ಹೊಳೆಯಿತು: ಮುಟ್ಟುವ ಮೊದಲು ಬೀದಿ ನಲ್ಲಿಯಲ್ಲಿ ತೊಳೆದದ್ದನ್ನು ಅತ್ತೆ ನೋಡಿಯೇ ಇಲ್ಲ!

ಬೆಳಗ್ಗೆ ಅವರ ಜಗಲಿಯ ಮೇಲೆ ಕೂತು ಕೂಗಿದೆ: "ಅತ್ತೆ, ಒಂದು ಚೆಂಬು ನೀರು ತಗೊಂಬಾ." ನಮ್ಮ ಕೇರಿಯಲ್ಲಿ ಎಂಥ ಜಗಳವಿದ್ದರೂ ನೀರು ಕೇಳಿದರೆ ಇಲ್ಲವೆನ್ನುವವರಿಲ್ಲ. ಬಾಗಿಲು ತೆರೆಯಿತು. ಕುಡಿಯುವ ಬದಲು ನಾನು ಕೈಯೊಡ್ಡಿದೆ.

"ಇದೇನೇ, ಇನ್ನೂ ನನ್ನ ಮುಟ್ಟೇ ಇಲ್ವಲ್ಲ?"

"ಮುಟ್ಟಕ್ಕೆ ಮುಂಚೆ ತೊಳೀಬೇಕು ಅತ್ತೆ. ಆಸ್ಪತ್ರೇಲಿ ಏನೇನೋ ಮುಟ್ಟಿರ್ತೀನಿ. ಗಲೀಜಿರೋದು ನನ್ನ ಕೈಲಿ. ನಿನ್ನ ಗಾಯಕ್ಕೆ ಅಂಟಬಾರ್ದು."

ಬಗ್ಗಿಸಿದ ಚೆಂಬು ಹಾಗೇ ನಿಂತಿತು. "ಅಂದ್ರೆ, ನಾನು ಚೊಕ್ಕ, ನೀನು ಗಲೀಜಾ?"

"ಹೂಂ."

"ಇನ್ನೊಂದ್ಸಲ ಯೋಳು. ಒಸಿ ಗಟ್ಟಿಯಾಗಿ."

ಕೇರಿಗೆಲ್ಲ ಕೇಳುವಂತೆ ಹೇಳಿದೆ. ಅತ್ತೆ ನೀರು ಸುರಿದರು. "ಸರಿಯಾಗಿ ತಿಕ್ಕು. ಎಬ್ಬೆಟ್ಟು ಬುಟ್ಬುಟ್ಟೆ ನೋಡು." ಬಟ್ಟೆ ಕಟ್ಟಿದ ಮೇಲೆ ಮತ್ತೆ ಕೈಯೊಡ್ಡಿದಾಗ ಹುಬ್ಬು ಗಂಟಾಯಿತು. "ಈಗ್ಯಾಕೆ?" ಇಲ್ಲಿಂದ ಇನ್ನೊಬ್ಬರ ಮನೆಗೆ ಹೋಗಬೇಕು, ಅವರಿಗೆ ಅಂಟಬಾರದಲ್ಲ ಎಂದೆ. ಅತ್ತೆ ಅದಕ್ಕೂ ನೀರು ಹಾಕಿದರು.

ಪರೀಕ್ಷೆಯ ದಿನ ಹೊರಗಿನ ಊರಿಂದ ಪರೀಕ್ಷಕಿ ಬಂದರು. ಕನ್ನಡಕ, ಗಂಜಿ ಹಾಕಿದ ಸೀರೆ, ನಗದ ಮುಖ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರು ಬಗ್ಗಿ ಹಿಮ್ಮಡಿಯ ಕಡೆಗೆ ಬೆರಳು ಚಾಚಿದರು. ಅತ್ತೆ ಕಾಲನ್ನು ಸರ್ರನೆ ಎಳೆದುಕೊಂಡರು.

"ತಡೀರಿ ಮೇಡಮ್ಮೋರೆ. ಕೈ ತೊಳ್ದ್ರಾ?"

ನನ್ನ ಪದವಿ ಚರಂಡಿಯ ಕಡೆಗೆ ಹರಿದು ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಪರೀಕ್ಷಕಿಯ ಬೆರಳು ಗಾಳಿಯಲ್ಲೇ ಇತ್ತು. "ಇಲ್ಲಮ್ಮ, ತೊಳೀಬೇಕಿತ್ತು" ಎಂದವರೇ ಎದ್ದು ಜಗಲಿಯ ಅಂಚಿಗೆ ಹೋಗಿ ಕೂತರು. ಅತ್ತೆ ಕುಂಟುತ್ತಾ ಚೆಂಬು ತಂದು, ಬೇಕಾದ್ದಕ್ಕಿಂತ ನಿಧಾನವಾಗಿ ನೀರು ಹಾಕಿದರು. ಬೇರೆ ಊರಿನಿಂದ ಬಂದವರೊಬ್ಬರು, ತನ್ನನ್ನು ಮುಟ್ಟುವುದಕ್ಕಾಗಿ ಕೈ ತೊಳೆಯುತ್ತಿದ್ದಾರೆ. ಅತ್ತೆಯ ಕಣ್ಣು ಆ ಕೈಗಳ ಮೇಲೇ ಇತ್ತು. ನಾನು ಬೇರೆ ಕಡೆ ನೋಡಿದೆ. ರೋಗಿಗೆ ತಿಳಿವಳಿಕೆ ಕೊಡಲೆಂದು ಬಣ್ಣಬಣ್ಣದ ಚಾರ್ಟು ಬರೆದುಕೊಂಡು ಹೋಗಿದ್ದೆ. ಪರೀಕ್ಷಕಿ ಅದನ್ನು ಬಿಚ್ಚಲೂ ಹೇಳಲಿಲ್ಲ.

ಗಾಯ ಮಾಯಿತು, ನಿಧಾನವಾಗಿ, ಅತ್ತೆಯ ಸ್ವಭಾವಕ್ಕೆ ತಕ್ಕಂತೆ ತಕರಾರು ಮಾಡುತ್ತಲೇ. ನಾನೂ ಪಾಸಾದೆ. ಕಾಲೇಜಿನ ಸಣ್ಣ ಹಾಲಿನಲ್ಲಿ ಪ್ರಮಾಣಪತ್ರ ಕೊಟ್ಟ ದಿನ ಅಪ್ಪ, ಅವ್ವನ ಜೊತೆ ಅತ್ತೆಯೂ ಬಂದಿದ್ದರು. ನಮ್ಮ ವಂಶದಲ್ಲಿ ಪದವಿ ಎನ್ನುವುದನ್ನು ಕೈಯಲ್ಲಿ ಹಿಡಿದವರಲ್ಲಿ ನಾನೇ ಮೊದಲು. ಅದನ್ನು ಒಯ್ದು ಅತ್ತೆಯ ಮಡಿಲಲ್ಲಿಟ್ಟೆ. ಅವರಿಗೆ ಓದು ಬಾರದು.

"ಏನ್ ಬರ್ದವ್ರೆ, ಓದು."

ನನ್ನ ಹೆಸರು, ಅಪ್ಪನ ಹೆಸರು, ಕಾಲೇಜಿನ ಹೆಸರು, ಪದವಿಯ ಹೆಸರು, ಒಂದನ್ನೂ ಬಿಡದೆ ಓದಿದೆ. ಅತ್ತೆ ಕಾಯುತ್ತಿದ್ದರು.

"ಆಮೇಕೆ?"

"ಅಷ್ಟೇ ಅತ್ತೆ."

"ಅಷ್ಟೇಯಾ? ಎಲ್ಲಾ ನಿಂದೇ ಬರಸ್ಕೊಂಡಿದ್ದೀಯಲ್ಲೇ! ಕಾಲು ಯಾರ್ದು?"