ರಾಜ್ಯೋತ್ಸವ ವೇದಿಕೆಯಲ್ಲಿ ಳಕಾರ ಬಳಕೆಯ ನಿರ್ಬಂಧ ಕುರಿತು

ದೆಹಲಿ ರಾಜ್ಯೋತ್ಸವ ಸಮನ್ವಯ ಘಟಕ (ಉಚ್ಚಾರಣಾ ಶಾಖೆ)
ಲೋಧಿ ಕಾಲೋನಿ, ನವದೆಹಲಿ

ಸಂಖ್ಯೆ: ದೆರಾಸಘ/ಉಚ್ಚಾ/ಳ-ಲ/ಅತಿ ತುರ್ತು

ವಿಷಯ: ನವೆಂಬರ್ ಒಂದರ ಕನ್ನಡ ರಾಜ್ಯೋತ್ಸವವನ್ನು, ಸಭಾಂಗಣದ ಲಭ್ಯತೆಯ ಮೇರೆಗೆ ಎಂದಿನಂತೆ ಡಿಸೆಂಬರಿನಲ್ಲಿ ಆಚರಿಸುವಾಗ ‘ಳ’ ಅಕ್ಷರದ ಬಗ್ಗೆ ವಹಿಸಬೇಕಾದ ಎಚ್ಚರ.

ಉಲ್ಲೇಖ: ಅಧ್ಯಕ್ಷರಾದ ಶ್ರೀ ದೇವೇಂದ್ರಪ್ಪ ಅವರ ಮೌಖಿಕ ಆದೇಶ (ನಗುತ್ತಲೇ ನೀಡಿದ್ದು).

ಕಳೆದ ಸಾಲಿನ ಆಚರಣೆಯಲ್ಲಿ ನಿರೂಪಣೆಗೆ ನಿಯೋಜಿತರಾಗಿದ್ದ ಜನಕಪುರಿಯ ಕುಮಾರಿ ಹಂಸಿನಿ, ಐದನೇ ತರಗತಿ, ಇವರು ಜಯಘೋಷದ ವೇಳೆ ‘ಎಲ್ಲರೂ ನನ್ನ ಜೊತೆ ಜೋರಾಗಿ ಹೇಳಿ’ ಎನ್ನಬೇಕಾಗಿತ್ತು. ದೆಹಲಿಯಲ್ಲೇ ಬೆಳೆದ ನಾಲಿಗೆ ಳಕಾರಕ್ಕೆ ಹೊರಳದ ಕಾರಣ ‘ಎಲ್ಲರೂ ನನ್ನ ಜೊತೆ ಜೋರಾಗಿ ಹೇಲಿ’ ಎಂದು ಧ್ವನಿವರ್ಧಕದಲ್ಲಿ ಕರೆ ನೀಡಿದ್ದು ಸರಿಯಷ್ಟೇ. ಸೇನೆಯಿಂದ ನಿವೃತ್ತರಾದ ಶ್ರೀ ಅಚ್ಚಯ್ಯ ಅವರು ಆದೇಶ ಪಾಲನೆಯ ಅಭ್ಯಾಸಬಲದಿಂದ ಎದ್ದು ನಿಂತು, ಅರ್ಥ ಹೊಳೆದ ಮೇಲೆ ಕುಳಿತರು. ಅಧ್ಯಕ್ಷರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಇಂಥದ್ದು ಮರುಕಳಿಸದಂತೆ ಈ ಮೂಲಕ ಸೂಚಿಸುವುದೇನೆಂದರೆ:

1. ವೇದಿಕೆಯ ಮೇಲೆ ಳಕಾರವನ್ನು ನಿಷೇಧಿಸಲಾಗಿದೆ. ಈ ಸುತ್ತೋಲೆಯಲ್ಲಿರುವ ಳಕಾರಗಳು ಕಚೇರಿ ಬಳಕೆಗೆ ಮಾತ್ರ.

2. ‘ಗಳು’ ಎಂಬುದರಲ್ಲಿಯೂ ಸದರಿ ಅಕ್ಷರ ಅಡಗಿರುವುದರಿಂದ ಬಹುವಚನವನ್ನು ಆ ದಿನದ ಮಟ್ಟಿಗೆ ರದ್ದುಪಡಿಸಲಾಗಿದೆ. ಎಷ್ಟೇ ಗಣ್ಯರು ಬಂದರೂ ಒಬ್ಬ ಅತಿಥಿ ಎಂದೇ ಪರಿಗಣಿಸಿ, ಒಂದೇ ಶಾಲು ಹೊದಿಸತಕ್ಕದ್ದು.

3. ಬೆಳಗಾವಿಯನ್ನು ಉಚ್ಚರಿಸದೇ ಇರುವುದನ್ನು ಬಿಟ್ಟುಕೊಟ್ಟಂತೆ ಅರ್ಥೈಸತಕ್ಕದ್ದಲ್ಲ.

4. ‘ಡೊಳ್ಳು’ ಎಂಬುದರಲ್ಲಿ ಒತ್ತಕ್ಷರವೂ ಸೇರಿ ಅಪಾಯ ದುಪ್ಪಟ್ಟು. ತಂಡದವರು ಕುಣಿಯಬಹುದು, ಏನು ಕುಣಿಯುತ್ತಿದ್ದಾರೆಂದು ಯಾರೂ ಘೋಷಿಸತಕ್ಕದ್ದಲ್ಲ.

5. ಹೋಳಿಗೆಯನ್ನು ‘ಒಬ್ಬಟ್ಟು’ ಎನ್ನತಕ್ಕದ್ದು. ಧಾರವಾಡದ ಕಡೆಯವರ ಆಕ್ಷೇಪಣೆಯನ್ನು ಊಟದ ನಂತರ ಆಲಿಸಲಾಗುವುದು. ಆಗ ಸದರಿ ಪದಾರ್ಥ ಉಳಿದಿರುವುದಿಲ್ಲ.

6. ಇಲ್ಲಿಯವರೆಗಿನದು ಅಧ್ಯಕ್ಷರು ಬರೆಸಿದ್ದು. ಇನ್ನು ಮುಂದಿನದು ಶಾಖೆಯದು. ಸಭೆ ನಕ್ಕಾಗ ಮಗು ಮೈಕನ್ನು ನೆಲದ ಮೇಲಿಟ್ಟು ಇಳಿದುಹೋದದ್ದನ್ನು ಯಾರೂ ನಡಾವಳಿಯಲ್ಲಿ ದಾಖಲಿಸಿಲ್ಲ. ಮನೆಗೆ ಹೋದ ಕುಮಾರಿ ಹಂಸಿನಿ ಅವರು ತಮ್ಮ ಅಜ್ಜಿ ಶ್ರೀಮತಿ ಶೈಲಜಾ ಅವರಿಗೆ, ‘ಅಜ್ಜಿ, ನಾನ್ ಬೋಲಿದ್ರೆ ಸಬ್ ನಗ್ತಾರೆ. ಅಬ್ ನಹೀ ಬೋಲೂಂಗಿ’ ಎಂದು, ಅಂದರೆ ಇನ್ನು ಮಾತಾಡುವುದಿಲ್ಲವೆಂದು, ತಿಳಿಸಿದ್ದು, ಅದೇ ಅವರು ಆಡಿದ ಕಡೆಯ ಕನ್ನಡ. ಅಂದಿನಿಂದ ಅವರದು ಹಿಂದಿ ಮಾತ್ರ. ಅಜ್ಜಿಗೆ ಬರುವ ಹಿಂದಿ ‘ಅಚ್ಛಾ’ ಒಂದೇ. ಕತೆ, ಜಗಳ, ಮುದ್ದು ಎಲ್ಲದಕ್ಕೂ ಆ ಮನೆಯಲ್ಲಿ ಈಗ ಅದೊಂದೇ ಓಡುತ್ತಿದೆ. ಅಯ್ಯೋ ಪಾಪ ಎಂದು ಸುತ್ತೋಲೆಯಲ್ಲಿ ಬರೆಯಲು ಅವಕಾಶವಿಲ್ಲದಿದ್ದರೂ ಬರೆಯಲಾಗಿದೆ.

7. ಅಧ್ಯಕ್ಷರು ಮೂವತ್ತು ವರ್ಷಗಳಿಂದ ಮಾರುಕಟ್ಟೆಯಲ್ಲಿ ‘ಭಯ್ಯಾ, ಮೇರಾ ಬೀವಿ ಪೀಛೇ ಆತಾ ಹೈ, ವೋ ಪೈಸಾ ದೇತಾ ಹೈ’ ಎಂದು, ಅಂದರೆ ಹೆಂಡತಿ ಹಿಂದೆ ‘ಬರುತ್ತಾನೆ’, ದುಡ್ಡು ‘ಕೊಡುತ್ತಾನೆ’ ಎಂದು, ಹೇಳುತ್ತ ಬಂದಿರುತ್ತಾರೆ. ತರಕಾರಿ ಭಯ್ಯಾ ಒಂದು ದಿನವೂ ಕುರ್ಚಿಯಿಂದ ಜಾರಿಲ್ಲ. ‘ಅಚ್ಛಾ ಸಾಬ್’ ಎಂದು ಮೇಲೊಂದಿಷ್ಟು ಕೊತ್ತಂಬರಿ ಸೊಪ್ಪು ಹಾಕಿ ಕಳಿಸಿರುವುದು ಪರಿಶೀಲನೆಯಿಂದ ಕಂಡುಬಂದಿದೆ.

8. ಆದ್ದರಿಂದ ಕಂಡಿಕೆ 1ರಿಂದ 5ರವರೆಗಿನದನ್ನು ಹಿಂಪಡೆಯಲಾಗಿದೆ. ಈ ಸಾಲಿನ ನಿರೂಪಣೆಯನ್ನೂ ಕುಮಾರಿ ಹಂಸಿನಿ ಅವರಿಗೇ ವಹಿಸಲಾಗಿದೆ. ಅವರು ‘ಹೇಲಿ’ ಎಂದಲ್ಲಿ ಸಭೆಯು ‘ಹೇಳಿ’ ಎಂದು ಭಾವಿಸತಕ್ಕದ್ದು, ಅಕ್ಷರಶಃ ಪಾಲಿಸತಕ್ಕದ್ದಲ್ಲ. ನಗು ತಡೆಯಲಾಗದವರು ಹೊರಹೋಗಿ, ತಮ್ಮ ಹೆಂಡತಿಯ ಬಗ್ಗೆ ಹಿಂದಿಯಲ್ಲಿ ಎರಡು ವಾಕ್ಯ ತಪ್ಪಿಲ್ಲದೆ ಆಡಿ ಒಳಬರತಕ್ಕದ್ದು.

ಸಹಿ/-
(ಮೈತ್ರೇಯಿ)
ಶಾಖಾಧಿಕಾರಿ, ಉಚ್ಚಾರಣೆ
ಅಧ್ಯಕ್ಷರ ಪರವಾಗಿ, ಅಧ್ಯಕ್ಷರಿಗೆ ತೋರಿಸದೆ

ಪ್ರತಿ:
1. ಅಧ್ಯಕ್ಷರಿಗೆ, ಅವರ ಪತ್ನಿಯವರ ಮೂಲಕ (‘ಆತಾ ಹೈ’ ಎಂದು ಕರೆಯಲಾಗುತ್ತಿರುವವರು).
2. ಶ್ರೀ ಅಚ್ಚಯ್ಯ ಅವರಿಗೆ, ಕುಳಿತೇ ಇರುವುದಕ್ಕಾಗಿ.
3. ಸಭಾಂಗಣದ ಶೌಚಾಲಯ ನಿರ್ವಾಹಕರಿಗೆ, ಮುನ್ನೆಚ್ಚರಿಕೆಗಾಗಿ.
4. ಶ್ರೀಮತಿ ಶೈಲಜಾ ಅವರಿಗೆ, ಮುಂದಿನ ಪ್ರತಿಯನ್ನು ಮೊಮ್ಮಗಳಿಗೆ ಓದಿಹೇಳುವುದಕ್ಕಾಗಿ.
5. ಕುಮಾರಿ ಹಂಸಿನಿಗೆ: ಬಾ ಮಗಲೇ. ನಿನಗೆ ಹೇಗೆ ಬರುತ್ತೋ ಹಾಗೇ ಹೇಲು. ನಾವು ಕೇಲುತ್ತೇವೆ.