ಅಧ್ಯಕ್ಷರಿಗೆ ಗೊತ್ತಿಲ್ಲವಂತೆ!

ಭಾನುವಾರ ಊರಿಗೆ ಊರೇ ಪಕ್ಕದ ಹೊಳಲಿನ ಮದುವೆಗೆ ಹೋಗಿ, ಕತ್ತಲಾದ ಮೇಲೆ ಬಂದು ಮಲಗಿತ್ತು. ಸೋಮವಾರ ಎದ್ದು ನೋಡಿದರೆ ನಲವತ್ತೆರಡು ಮನೆಗಳ ಗೋಡೆಯ ಮೇಲೆ ಕೆಂಪು ಬಣ್ಣದ ಇಂಟು ಗುರುತು.

ಪಂಪಮ್ಮ ಸೆರಗು ಸಿಕ್ಕಿಸಿಕೊಂಡು ಪಂಚಾಯಿತಿ ಅಧ್ಯಕ್ಷ ಭೀಮೇಶನ ಮನೆಗೆ ಬಂದಾಗ ಅವನು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ.

"ತಮ್ಮಾ, ನನ್ನ ಗೋಡಿಗೆ ಯಾರೋ ಇಂಟು ಹೊಡದಾರ. ಏನದು?"

ಭೀಮೇಶ ಬಾಯಿ ಮುಕ್ಕಳಿಸಿದ. ಅವನು ಅಧ್ಯಕ್ಷನಾಗಿ ಎಂಟು ತಿಂಗಳಾಗಿತ್ತು. ಹೋದ ತಿಂಗಳು ಯಾರೋ ಕೇಳಿದರೆಂದು "ಬುಧವಾರದಿಂದ ಹಡಗಲಿಗೆ ನೇರ ಬಸ್ಸು" ಎಂದು ಬಾಯಿಗೆ ಬಂದದ್ದನ್ನು ಹೇಳಿದ್ದ. ಅರವತ್ತು ಜನ ಬುತ್ತಿ ಕಟ್ಟಿಕೊಂಡು ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತಿದ್ದರು. ಅಂದೇ ಹೆಂಡತಿ ರಮಾಳ ಮುಂದೆ ಆಣೆ ಮಾಡಿದ್ದ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತೇನೆಂದು.

"ನನಗ ಗೊತ್ತಿಲ್ಲ ಚಿಗವ್ವ," ಎಂದ. ಹೇಳಿದ ಮೇಲೆ ಬಿಗಿ ಚಪ್ಪಲಿ ಬಿಚ್ಚಿದಷ್ಟು ಹಾಯೆನಿಸಿತು.

ಪಂಪಮ್ಮನ ಮುಖ ಮಾತ್ರ ಬಿಳಚಿಕೊಂಡಿತು. ಅರವತ್ತೆಂಟು ವರ್ಷದಲ್ಲಿ ಅವಳು ಎಷ್ಟೋ ಅಧ್ಯಕ್ಷರನ್ನು ಕಂಡಿದ್ದಳು. ಒಬ್ಬರ ಬಾಯಲ್ಲೂ ಈ ಮಾತು ಕೇಳಿರಲಿಲ್ಲ.

"ಅಷ್ಟು ಕೆಟ್ಟದ್ದೈತೇನು?"

"ಅಯ್ಯ, ಖರೇನ ಗೊತ್ತಿಲ್ಲ!"

"ಹೇಳಾಕ ಬಾಯಿ ಬರವಲ್ದು ಅನ್ನು," ಎಂದವಳೇ ಓಡಿದಳು.

ಮಾಜಿ ಅಧ್ಯಕ್ಷ ಗುರುಸಂಗಪ್ಪನ ಹೋಟೆಲಿನಲ್ಲಿ ಮೊದಲ ಬಾಣಲೆಯ ಮಿರ್ಚಿ ಬೇಯುವಷ್ಟರಲ್ಲಿ ಸುದ್ದಿಯೂ ಹದವಾಗಿ ಬೆಂದಿತ್ತು.

"ರೋಡ್ ಅಗಲ ಮಾಡ್ತಾರ. ಇಂಟು ಇದ್ದ ಮನಿ ಎಲ್ಲಾ ಕೆಡವ್ತಾರ," ಎಂದ ಗುರುಸಂಗಪ್ಪ. "ಹನ್ನೆರಡು ವರ್ಷ ನಾನು ಅಧ್ಯಕ್ಷ ಇದ್ನೆಪ್ಪ. ಒಂದ್ ದಿನಾ ಗೊತ್ತಿಲ್ಲ ಅಂದೀನೇನು?"

ಅಂದಿರಲಿಲ್ಲ. ಅದನ್ನು ಎಲ್ಲರೂ ಒಪ್ಪಿದರು.

ಪಂಪಮ್ಮ ಟ್ರಂಕು, ಒಳಕಲ್ಲಿನ ಗುಂಡು ಎತ್ತಿಸಿಕೊಂಡು ಹಿಂದಿನ ಓಣಿಯ ತಂಗಿಯ ಮನೆ ಸೇರಿದಳು. ಪಂಚಾಯಿತಿ ಸದಸ್ಯ ಕೊಟ್ರಬಸಪ್ಪ ತನ್ನ ಗೋಡೆಯ ಗುರುತಿಗೆ ಸುಣ್ಣ ಬಳಿದ. ಅವನನ್ನು ನೋಡಿ ಹನ್ನೊಂದು ಮನೆಯವರು ಬಳಿದರು. ಹತ್ತು ಗಂಟೆಗೆ, ಗುರುತಿದ್ದವರಿಗೆ ಸರ್ಕಾರ ಹೊಸ ಮನೆ ಕೊಡುತ್ತದಂತೆ ಎಂಬ ಇನ್ನೊಂದು ಸುದ್ದಿ ಹುಟ್ಟಿತು. ಸುಣ್ಣ ಬಳಿದವರು ಉಜ್ಜಿ ತೆಗೆದರು. ಗುರುತೇ ಇಲ್ಲದವರು ಅಂಗಡಿಗೆ ಓಡಿ ಕೆಂಪು ಪೇಂಟು ತಂದರು. ಹನ್ನೆರಡರ ಹೊತ್ತಿಗೆ ಊರಲ್ಲಿ ಅರವತ್ತೇಳು ಇಂಟುಗಳಿದ್ದವು.

ಭೀಮೇಶ ಪಿಡಿಒ ದುರ್ಗಾದೇವಿಗೆ ಒಂಬತ್ತು ಸಲ ಫೋನ್ ಮಾಡಿದ. ಪಂಚಾಯಿತಿಯ ಕಾಗದಪತ್ರವೆಲ್ಲ ನೋಡಿಕೊಳ್ಳುವ ಆ ಮೇಡಂ ಹಗರಿಬೊಮ್ಮನಹಳ್ಳಿಯಲ್ಲಿ ಮೀಟಿಂಗಿಗೆ ಕೂತಿದ್ದರು. ಫೋನು ಸ್ವಿಚ್ ಆಫ್.

"ರೀ, ಏನಾರ ಒಂದು ಹೇಳಿಬಿಡ್ರಿ," ಎಂದಳು ರಮಾ. "ಜನಕ್ಕ ಒಂದು ಉತ್ತರ ಬೇಕು, ಅಷ್ಟ."

"ನಿನ್ನ ಮುಂದನ ಆಣಿ ಮಾಡೀನಲ್ಲ!"

"ಆಣಿ ನನಗ ಮಾಡೀರಿ. ಊರಿಗೆ ಮಾಡೀರೇನು?"

ಮೂರು ಗಂಟೆಗೆ ಪಂಚಾಯಿತಿ ಆಫೀಸಿನ ಮುಂದೆ ಜನ ನೆರೆದರು. ಗುರುಸಂಗಪ್ಪನ ಕೈಯಲ್ಲಿ ಅವಿಶ್ವಾಸದ ಅರ್ಜಿಯಿತ್ತು. ಹನ್ನೆರಡು ಸದಸ್ಯರಲ್ಲಿ ಎಂಟು ಜನ ಸಹಿ ಹಾಕಿದರೆ ಭೀಮೇಶನ ಕುರ್ಚಿ ಹೋದ ಹಾಗೆಯೇ. ಏಳು ಆಗಿದ್ದವು. ಎಂಟನೆಯವನಾದ ಕೊಟ್ರಬಸಪ್ಪ ಪೆನ್ನಿನ ಮುಚ್ಚಳ ತೆಗೆದ.

"ಕಡೀ ಸಲ ಕೇಳ್ತೀನಿ ಅಧ್ಯಕ್ಷರ. ಆ ಇಂಟು ಏನು?"

ಭೀಮೇಶ ರಮಾಳ ಕಡೆ ನೋಡಿದ. "ನನಗ... ಗೊತ್ತಿಲ್ರಿ."

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ದುರ್ಗಾದೇವಿಯ ಸ್ಕೂಟಿ ಬಂತು. ಹಿಂದೆ ಬಣ್ಣದ ಡಬ್ಬಿ ಹಿಡಿದು ಪೇಂಟರ್ ಮಾರೇಶ್ ಕೂತಿದ್ದ.

"ಇದೇನ್ ಸರ್, ಗೋಡೆಬರಹ ನೋಡೋಕೆ ಇಷ್ಟು ಜನ ಕರೆಸಿದ್ದೀರಾ?" ಎಂದರು ಮೇಡಂ. "ನಿನ್ನೆ ಮಾರೇಶ್ ಬಂದು ಬರಿಯೋ ಜಾಗಕ್ಕೆಲ್ಲ ಇಂಟು ಹಾಕಿ ಹೋಗಿದ್ದಾನೆ. ನೀವೇ ಆದೇಶ ಮಾಡಿದ್ದಲ್ವಾ?"

ಫೈಲು ತೆರೆದು ತೋರಿಸಿದರು. ಅಡಿಯಲ್ಲಿ ಭೀಮೇಶನದೇ ಸಹಿ, ಸೀಲು ಸಮೇತ. ಭೀಮೇಶನಿಗೆ ಆ ದಿನ ನೆನಪಾಯಿತು. ಮೇಡಂ ಹಾಳೆಯ ಮೂಲೆ ಮಾತ್ರ ಎತ್ತುತ್ತ "ಇಲ್ಲೊಂದು ಸರ್, ಇಲ್ಲೊಂದು" ಅನ್ನುತ್ತಿದ್ದರು. ಇವನು ಫೋನಿನಲ್ಲಿ ಮಾತಾಡುತ್ತ ಮೂವತ್ತೊಂದು ಸಹಿ ಹಾಕಿದ್ದ.

"ದೇವರಾಣಿಗೂ ನಾನು ಓದಿರಲಿಲ್ರಿ!" ಎಂದ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನ್ ನಟನಾ ಮಾಡ್ತೀರಿ ಅಧ್ಯಕ್ಷರ!" ಕೊಟ್ರಬಸಪ್ಪ ಮೆಚ್ಚುಗೆಯಿಂದ ಬೆನ್ನು ತಟ್ಟಿದ. "ತಾನ ಸಹಿ ಹಾಕಿ, ಮುಂಜಾನಿಂದ ಒಂದು ಸೊಲ್ಲು ಬಿಟ್ಟಿಲ್ಲ ನೋಡ್ರಿ. ನಾನು ಈತ ಏನೂ ಗೊತ್ತಿಲ್ಲದ ಮನಷ್ಯ ಅನ್ಕೊಂಡಿದ್ದೆ. ಇಂಥಾವ್ರು ಬೇಕು ಕುರ್ಚಿಗೆ!"

ಏಳು ಸದಸ್ಯರೂ ತಮ್ಮ ಸಹಿ ಹೊಡೆದುಹಾಕಿದರು. ಗುರುಸಂಗಪ್ಪ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡ. ಖರೆ ಹೇಳಿದ್ದಕ್ಕೆ ಹೊರಟಿದ್ದ ಕುರ್ಚಿ, ಸುಳ್ಳುಗಾರನೆಂದು ಸಾಬೀತಾದದ್ದರಿಂದ ಉಳಿಯಿತು.

ಅಷ್ಟರಲ್ಲಿ ಮಾರೇಶ್ ಆಫೀಸಿನ ಎದುರಿನ ಮೊದಲ ಗೋಡೆ ಮುಗಿಸಿದ್ದ. ಎಲ್ಲರೂ ತಿರುಗಿ ಓದಿದರು. 'ತಿಳಿಯುವುದು ನಿಮ್ಮ ಹಕ್ಕು. ಏನೇ ಇರಲಿ, ಯಾವ ಹೊತ್ತಿನಲ್ಲಾದರೂ ನಿಮ್ಮ ಅಧ್ಯಕ್ಷರನ್ನೇ ಕೇಳಿ.' ಕೆಳಗೆ, ಕುಂಬಳಕಾಯಿ ಗಾತ್ರದ ಹತ್ತು ಅಂಕಿಗಳಲ್ಲಿ ಭೀಮೇಶನ ಮೊಬೈಲ್ ನಂಬರು.

"ನಾನು ನಲವತ್ತೆರಡು ಹಾಕಿದ್ದೆ, ಈಗ ಅರವತ್ತೇಳು ಆಗ್ಯಾವಂತ ಸರ," ಎಂದ ಮಾರೇಶ್. "ಇರ್ಲಿ ಬಿಡ್ರಿ, ಎಲ್ಲಾದಕ್ಕೂ ಬರೀತೀನಿ."

ಭೀಮೇಶನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹತ್ತು ಹೆಜ್ಜೆ ಆಚೆ ಪಂಪಮ್ಮ ಗೋಡೆಯ ನಂಬರು ನೋಡಿಕೊಂಡು, ಫೋನನ್ನು ಕಿವಿಗೆ ಒತ್ತಿ ನಿಂತಿದ್ದಳು.

"ತಮ್ಮಾ, ನಾಳಿ ಕರೆಂಟ್ ಎಷ್ಟೊತ್ತಿಗೆ ಹೋಗ್ತೈತಿ?"

ಭೀಮೇಶ 'ಗೊ' ಎನ್ನುವಷ್ಟು ಬಾಯಿ ತೆರೆದ. ಇಡೀ ಊರು ಅವನ ತುಟಿಯನ್ನೇ ನೋಡುತ್ತಿತ್ತು. ಗುರುಸಂಗಪ್ಪನ ಕೈ ಮೆಲ್ಲಗೆ ಜೇಬಿನತ್ತ ಹೋಗುತ್ತಿತ್ತು.

"ಹತ್ತಕ್ಕ ಹೋಗಿ, ಹನ್ನೊಂದೂಕಾಲಕ್ಕ ಬರ್ತೈತಿ ಚಿಗವ್ವ," ಎಂದ ಭೀಮೇಶ.